ಅಕ್ಕನ ಮನೆಯ ಮಿಕ್ಸಿಯವರ ಸನ್ನಿಧಾನಕ್ಕೆ

ಮಾನ್ಯರೇ,

ಅಡುಗೆಮನೆಯ ಕಟ್ಟೆಯ ಮೇಲೆ, ಕಿಟಕಿಗೂ ಸಕ್ಕರೆ ಡಬ್ಬಿಗೂ ನಡುವೆ, ಹನ್ನೊಂದು ವರ್ಷಗಳಿಂದ ವಿರಾಜಮಾನರಾಗಿರುವ ತಮ್ಮ ಪಾದಾರವಿಂದಗಳಿಗೆ, ಅಂದರೆ ಆ ನಾಲ್ಕು ರಬ್ಬರ್ ಕಾಲುಗಳಿಗೆ, ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವು ಮೂರೂ ಜಾರ್‌ಗಳ ಸಮೇತ ಕ್ಷೇಮವೆಂದು ನಂಬಿದ್ದೇನೆ. ನಾವೂ ಈಗ ಕ್ಷೇಮ. ‘ಈಗ’ ಎಂದು ಒತ್ತಿ ಹೇಳಲು ಕಾರಣ, ಕಳೆದ ಶನಿವಾರ ಮಧ್ಯಾಹ್ನ ಮೂರೂವರೆಗೆ ನಾವು ಹಾಗಿರಲಿಲ್ಲ.

ನಾನು ತಮ್ಮ ಒಡತಿಯ ಒಡಹುಟ್ಟಿದವನು. ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯ ಹಿಂದೆ ಹದಿನಾಲ್ಕು ವರ್ಷ ಕೂತವನು. ಜನ ಬೈದುಕೊಂಡು ಬರುತ್ತಾರೆ, ನಾನು ‘ಪರಿಶೀಲಿಸಲಾಗುವುದು’ ಎಂಬ ಮೊಹರು ಒತ್ತಿ ನಗುನಗುತ್ತಾ ಕಳಿಸುತ್ತೇನೆ. ಯಾರ ಮನಸ್ಸನ್ನೂ ನೋಯಿಸದಿರುವುದೇ ನನ್ನ ಕಸುಬು. ಸ್ವಂತದ್ದೊಂದು ದೂರು ಬರೆಯುತ್ತಿರುವುದು ಇದೇ ಮೊದಲು. ಅಕ್ಕನಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಕ್ಕನಿಗೆ ಬರೆದರೆ ಅಕ್ಕ ಮಾತು ಬಿಡುತ್ತಾಳೆ, ಭಾವ ಮಾತು ಶುರು ಮಾಡುತ್ತಾರೆ. ಎರಡನ್ನೂ ತಡೆಯುವ ಶಕ್ತಿ ನನಗಿಲ್ಲ. ತಮಗೆ ಫೋನು ಇಲ್ಲದ ಕಾರಣ ಈ ಪತ್ರವನ್ನು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಿದ್ದೇನೆ. ಅಲ್ಲಿರುವ ಇಪ್ಪತ್ತಮೂರು ಮಂದಿಯಲ್ಲಿ ಯಾರಾದರೂ ತಮಗೆ ಓದಿ ಹೇಳುವ ಕೃಪೆ ಮಾಡಲಿ.

ನನ್ನ ಮಗಳು ತಮಗೆ ಗೊತ್ತು. ಆರು ವರ್ಷದವಳು, ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಮನೆಮಂದಿಯೆಲ್ಲ ಪಿಟೀಲು ಎಂದೇ ಕರೆಯುವುದು. ಅವಳಿಗೆ ಕಡಲೆಕಾಯಿ ಆಗದು. ಆಗದು ಎಂದರೆ ಇಷ್ಟವಿಲ್ಲವೆಂದಲ್ಲ, ಉಗುರಿನ ತುದಿಯಷ್ಟು ಪುಡಿ ಹೊಟ್ಟೆಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಇದನ್ನು ನಾವು ಬಂಧುಬಳಗಕ್ಕೆ ನಾಲ್ಕು ವರ್ಷಗಳಿಂದ ಬಿಡಿಸಿ ಬಿಡಿಸಿ ಹೇಳಿದ್ದೇವೆ. “ನಮ್ಮ ಕಾಲದಲ್ಲಿ ಇಂಥವೆಲ್ಲ ಎಲ್ಲಿದ್ವಪ್ಪ” ಎಂದು ಕೇಳಿದ ಚಿಕ್ಕಮ್ಮ, ಹೋದ ವರ್ಷ ಕೇಕಿನ ಮೇಲಿದ್ದ ಕಡಲೆಬೀಜಗಳನ್ನು ಒಂದೊಂದಾಗಿ ಬೆರಳಿನಿಂದ ಆರಿಸಿ ತೆಗೆದು, “ತಗೋ ಕಂದ, ಈಗೇನೂ ಇಲ್ಲ” ಎಂದು ಅದೇ ಬೆರಳಿನಿಂದ ತುತ್ತು ಮಾಡಿ ಕೊಡಲು ಬಂದಿದ್ದರು. ಟೈಲ್ಸ್ ಅಂಗಡಿ ನಡೆಸುವ ಭಾವ, “ದಿನಾ ಒಂದೊಂದು ಕಾಳು ಕೊಟ್ಟು ರೂಢಿ ಮಾಡಿಸಿಬಿಡೋ, ಮೈ ಗಟ್ಟಿಯಾಗುತ್ತೆ” ಎಂದು ಉಚಿತ ಸಲಹೆ ನೀಡಿದ್ದರು. ಟೈಲ್ಸ್ ವಿಷಯದಲ್ಲಿ ಅವರ ಮಾತನ್ನು ನಾನು ಇವತ್ತಿಗೂ ಮೀರುವುದಿಲ್ಲ.

ವರ್ಷದ ಕೊನೆಯ ರಜೆ ಬಂತೆಂದರೆ ಊರಿಗೆಲ್ಲ ತಿನ್ನುವ ಕಾಲ, ನಮಗೆ ಓದುವ ಕಾಲ. ಶಾಲೆಯಿಂದ ಬಂದ ಕೇಕು, ಕಚೇರಿಯಿಂದ ಬಂದ ಬಿಸ್ಕತ್ತಿನ ಡಬ್ಬಿ, ಮಹಡಿ ಮನೆಯವರು ಕಳಿಸಿದ ಚಾಕಲೇಟು, ಎಲ್ಲದರ ಬೆನ್ನು ತಿರುಗಿಸಿ ಇರುವೆ ಗಾತ್ರದ ಅಕ್ಷರಗಳನ್ನು ಓದಿ ಓದಿ ಈ ಡಿಸೆಂಬರಿನಲ್ಲಿ ನನ್ನ ಕನ್ನಡಕದ ನಂಬರು ಏರಿತು. ಹೊಲಿಗೆ ಕೆಲಸ ಮಾಡುವ ನನ್ನ ಹೆಂಡತಿ, ತುರ್ತಿಗೆ ತೊಡೆಗೆ ಚುಚ್ಚುವ ಔಷಧಿಯ ಸೂಜಿಯನ್ನು ಇಡಲೆಂದೇ ಮಗಳ ಸೊಂಟಕ್ಕೊಂದು ಪುಟ್ಟ ಚೀಲ ಹೊಲಿದಳು. ಅದನ್ನು ಕಂಡವರೆಲ್ಲ “ಅಯ್ಯೋ, ಎಷ್ಟು ಮುದ್ದಾಗಿದೆ, ನಮ್ಮ ಮಗುಗೂ ಒಂದು ಹೊಲಿದುಕೊಡಿ” ಎಂದರು.

ಅಕ್ಕನನ್ನು ನಾನು ದೂರುವಂತಿಲ್ಲ. ಈ ಸಲ ನಾವು ಬರುತ್ತೇವೆಂದು ಅವಳು ಪಿಟೀಲಿಗಾಗಿಯೇ ಹೊಸ ತಟ್ಟೆ, ಹೊಸ ಚಮಚ, ಹೊಸ ಲೋಟ ತಂದಿದ್ದಳು. ಲೋಟಕ್ಕೆ ಕೆಂಪು ಬಣ್ಣದಲ್ಲಿ ಹೆಸರು ಬರೆದು, ಯಾರೂ ಮುಟ್ಟದ ಹಾಗೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ಬೀಗದ ಕೈ ಅವಳ ಕುತ್ತಿಗೆಯಲ್ಲೇ ಇತ್ತು. ಶನಿವಾರ ಬೆಳಿಗ್ಗೆ ತಮ್ಮ ಸಣ್ಣ ಜಾರ್‌ನಲ್ಲಿ ದೊಡ್ಡವರ ಕೇಕಿಗೆಂದು ಕಾಲು ಕಿಲೋ ಕಡಲೆಬೀಜ ಪುಡಿ ಮಾಡಿದಳು. ಒಂದು ಚೂರೂ ದಂಡವಾಗಬಾರದೆಂದು ಅರ್ಧ ಲೋಟ ನೀರು ಹಾಕಿ ಒಂದು ಸುತ್ತು ತಿರುಗಿಸಿ, ಆ ನೀರನ್ನೂ ಹಿಟ್ಟಿಗೇ ಸುರಿದಳು. ನಮ್ಮ ಮನೆತನದಲ್ಲಿ ಇದಕ್ಕೆ ಜಾರ್ ತೊಳೆಯುವುದು ಎನ್ನುತ್ತಾರೆ. ಮಧ್ಯಾಹ್ನ ಹೀಗೆ ‘ತೊಳೆದ’ ಜಾರ್‌ಗೆ ಬಾಳೆಹಣ್ಣು, ಹಾಲು, ಸಕ್ಕರೆ ಹಾಕಿ ತಿರುಗಿಸಿ, ಬೀಗ ತೆಗೆದು, ಲೋಟವನ್ನು ಮೂರು ಸಲ ಬಿಸಿನೀರಿನಲ್ಲಿ ಜಾಲಿಸಿ, ಸೆರಗಿನಿಂದ ಒರೆಸಿ, ತುಂಬಿಸಿ ಕೊಟ್ಟಳು.

ಇಲ್ಲಿ ತಮ್ಮ ನೆನಪಿನ ಶಕ್ತಿಯನ್ನು ಹೊಗಳದೆ ವಿಧಿಯಿಲ್ಲ. ಮನುಷ್ಯರು ನಾಲ್ಕು ವರ್ಷ ಹೇಳಿದ್ದನ್ನು ಮರೆಯುತ್ತಾರೆ. ತಾವು ಬೆಳಿಗ್ಗೆ ಕಂಡ ಕಡಲೆಕಾಯಿಯನ್ನು ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರಿನ ಸಂದಿಯಲ್ಲಿ, ಮಧ್ಯಾಹ್ನದವರೆಗೂ ಜೋಪಾನ ಮಾಡಿ ಇಟ್ಟುಕೊಂಡಿರಿ. ಬಡವ ಬಲ್ಲಿದ, ಆಗುವವರು ಆಗದವರು ಎಂಬ ಭೇದವಿಲ್ಲದೆ ಎಲ್ಲರಿಗೂ ಹಂಚಿದಿರಿ. ಇಂಥ ನಿಷ್ಪಕ್ಷಪಾತತೆ ನಮ್ಮ ಕಚೇರಿಯ ನಲ್ಲಿಗಳಿಗೂ ಇಲ್ಲ.

ಲೋಟ ಖಾಲಿಯಾದ ಐದು ನಿಮಿಷದಲ್ಲಿ ಪಿಟೀಲಿನ ತುಟಿ ಊದಿತು, ಮೈ ತುಂಬ ದದ್ದು ಎದ್ದಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಚೀಲ ಬಿಚ್ಚಲು ಹೋದ ನನ್ನ ಕೈಯಿಂದ ಸೂಜಿ ಕೆಳಗೆ ಬಿತ್ತು. ಹೆಂಡತಿ ನನ್ನನ್ನು ಪಕ್ಕಕ್ಕೆ ನೂಕಿ, ಅದನ್ನೆತ್ತಿಕೊಂಡು ಮಗಳ ತೊಡೆಗೆ ಚುಚ್ಚಿದಳು. ಆಂಬುಲೆನ್ಸ್ ಬರುವವರೆಗೂ ಚಿಕ್ಕಮ್ಮ “ಸ್ವಲ್ಪ ಬಿಸಿನೀರು ಕುಡಿಸಿ” ಎನ್ನುತ್ತಲೇ ಇದ್ದರು. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಇನ್ನು ಮುಂದೆ ಕಡಲೆಕಾಯಿ ಒಳಗೆ ಬಿದ್ದ ದಿನ ತಾವು ಸಂಜೆಯವರೆಗೆ ಮೌನವ್ರತ ಹಿಡಿಯಬೇಕು. ಅರ್ಧ ಲೋಟ ನೀರಿನಿಂದ ತಮ್ಮನ್ನು ತೊಳೆಯಲು ಬಂದವರ ಮುಖಕ್ಕೆ ಆ ನೀರನ್ನೇ ಎರಚಬೇಕು. ಭಾವ ಅಲರ್ಜಿಯ ಬಗ್ಗೆ ಬಾಯಿ ತೆರೆದೊಡನೆ, ಸ್ವಿಚ್ ಹಾಕಿರಲಿ ಬಿಡಲಿ, ತಾವು ಮೂರನೇ ನಂಬರಿನಲ್ಲಿ ಗರ್ಜಿಸಬೇಕು. ಇವುಗಳನ್ನು ತಾವು ಪರಿಶೀಲಿಸುವುದು ಬೇಡ. ಪರಿಶೀಲನೆ ಎಂದರೇನೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಇಷ್ಟು ಬರೆದ ಮೇಲೆ ಒಂದು ಮಾತು ಉಳಿಯಿತು. ಅದನ್ನು ಹೇಳದಿದ್ದರೆ ಈ ದೂರೇ ಸುಳ್ಳಾಗುತ್ತದೆ. ಅಕ್ಕ ಬೆಳಿಗ್ಗೆ ಜಾರ್ ‘ತೊಳೆದಾಗ’ ನಾನು ಫ್ರಿಜ್ಜಿಗೆ ಒರಗಿ ಕಾಫಿ ಕುಡಿಯುತ್ತಿದ್ದೆ. ಮಧ್ಯಾಹ್ನ ಅದೇ ಜಾರ್‌ಗೆ ಹಾಲು ಬಿದ್ದಾಗಲೂ ಬಾಗಿಲಲ್ಲೇ ಇದ್ದೆ. ಅಷ್ಟರೊಳಗೆ “ಇದರಲ್ಲಿ ಏನೇನಿದೆ ಅಕ್ಕ?” ಎಂದು ಹನ್ನೊಂದು ಸಲ ಕೇಳಿಯಾಗಿತ್ತು. ಹನ್ನೊಂದನೇ ಸಲ ಅವಳು ಕಣ್ಣು ತುಂಬಿಕೊಂಡು, “ನಾನೇನು ನಿನ್ನ ಮಗಳಿಗೆ ವಿಷ ಹಾಕ್ತೀನೇನೋ?” ಎಂದಿದ್ದಳು. ಹನ್ನೆರಡನೇ ಸಲ ಕೇಳಲು ನನಗೆ ನಾಚಿಕೆಯಾಯಿತು. ಮಾತು ನುಂಗಿಕೊಂಡು ನಕ್ಕೆ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಿಟೀಲನ್ನು ಕೇಳಿದರು, ನಾಲಿಗೆ ಯಾವಾಗ ತುರಿಸಿತು ಎಂದು. “ಮೊದಲನೇ ಗುಟುಕಿಗೇ” ಎಂದಳು. ಹಾಗಾದರೆ ಲೋಟ ಪೂರ್ತಿ ಯಾಕೆ ಕುಡಿದೆ ಎಂದು ಕೇಳಿದರೆ, ನನ್ನ ಮಗಳು ನನ್ನ ಮುಖ ನೋಡಿಕೊಂಡು, “ಬಿಟ್ಟರೆ ಅತ್ತೆಗೆ ಬೇಜಾರಾಗುತ್ತಲ್ಲ” ಎಂದಳು. ಅವಳಿಗೆ ಇದನ್ನು ಯಾರು ಕಲಿಸಿದರೆಂದು ಅವಳ ಅಮ್ಮ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ತಮ್ಮ ಮೋಟಾರಿಗೆ ದೀರ್ಘಾಯುಷ್ಯ ಕೋರುತ್ತಾ,

ತಮ್ಮ ವಿಶ್ವಾಸಿ,
ಪಿಟೀಲಿನ ಅಪ್ಪ

ವಿ.ಸೂ.: ನಿನ್ನೆ ಅಕ್ಕ ಫೋನು ಮಾಡಿದ್ದಳು. ಪಿಟೀಲಿಗೆಂದೇ ಬೇರೆ ಜಾರ್ ತಂದಿದ್ದಾಳಂತೆ, ಹೊಸ ವರ್ಷದ ದಿನ ಊಟಕ್ಕೆ ಬರಲೇಬೇಕಂತೆ. “ಎಷ್ಟು ನುಣ್ಣಗೆ ಅರೆಯುತ್ತೆ ಗೊತ್ತಾ? ನೋಡೋಣ ಅಂತ ಒಂದು ಹಿಡಿ ಕಡಲೆಬೀಜ ಹಾಕಿ ತಿರುಗಿಸಿದೆ” ಎಂದಳು. ನಾವು ಬರುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ, ನಗದೆ. ಅಕ್ಕನಿಗೆ ತುಂಬ ಬೇಜಾರಾಗಿದೆ. ಆಗಲಿ.