ಸದಲಗಾದ ಅತ್ತೆಯ ಜರ್ಮನ್ ಬೀಗರು

ನಮ್ಮ ಸೋದರತ್ತೆ ಸದಲಗಾದಲ್ಲಿದ್ದಾಳೆ ಎಂದು ಅವಳ ಎಮ್ಮೆಗಳು ನಂಬಿವೆ. ನಾನು ನಂಬುವುದಿಲ್ಲ. ಅವಳಿರುವುದು ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ! ಕೊಲ್ಲಾಪುರದ ಹಳೇ ಪುಸ್ತಕದಂಗಡಿಯಿಂದ ಬಂದ ಒಂದು ಮರಾಠಿ ಪುಸ್ತಕದಲ್ಲಿ ಅಲ್ಲಿನ ರಾಜಮನೆತನದ ಹೆಣ್ಣುಮಗಳೊಬ್ಬಳ ಚರಿತ್ರೆ ಇದೆ. ಓದಿದ ದಿನದಿಂದ ಅತ್ತೆಗೆ ಆ ಮನೆತನದವರೆಲ್ಲ ಬೀಗರು. ಹಾಲು ಹಿಂಡಲು ಕುಳಿತರೆ ಅವಳ ಕಣ್ಣುಗಳು ಅರ್ಧ ಮುಚ್ಚುತ್ತವೆ. ಅರಮನೆಯ ಮೆಟ್ಟಿಲು, ದೀಪದ ಗೊಂಚಲು, ಹಿಮ ಬಿದ್ದ ತೋಟ ಎಲ್ಲವೂ ಮೆಲ್ಲಗೆ ಕೊಟ್ಟಿಗೆಗೆ ಇಳಿದು ಬರುತ್ತವೆ. ಪಾತ್ರೆ ತುಂಬಿ ಹಾಲು ನೆಲಕ್ಕೆ ಹರಿದರೂ ಅರಿವಿಲ್ಲ. ಕೊನೆಗೆ ಎಮ್ಮೆಯೇ ಒದ್ದು ಎಬ್ಬಿಸಬೇಕು.

ಈ ನಾಗರ ಪಂಚಮಿಗೆ ಅವಳನ್ನು ಏಕಸಂಬಿಗೆ, ಅವಳ ತವರಾದ ನಮ್ಮ ಮನೆಗೆ, ಕರೆತರಲೇಬೇಕೆಂದು ಹೋಗಿದ್ದೆ. ಅವಳು ತವರು ಕಂಡು ಆರು ವರ್ಷವಾಯಿತು. ತಪ್ಪು ಯಾರದು? ನನ್ನದೇ. ಅವಳು ನನ್ನನ್ನು ತನ್ನ ಮಗನಿಗೆ ಕೇಳಿದ್ದಳು. ನಾನು ಒಲ್ಲೆನೆಂದೆ, ಅಪ್ಪ ನನ್ನ ಮಾತು ನಡೆಸಿದ. ಅಕ್ಕ ತಮ್ಮನ ನಡುವೆ ಮಾತು ಅಂದೇ ನಿಂತಿತು. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು.

ಅತ್ತೆ ಪುಸ್ತಕದಲ್ಲಿನ ವಂಶವೃಕ್ಷದ ಪುಟ ಬಿಡಿಸಿ ಕುಳಿತಿದ್ದಳು.

‘ಈಕಿನ್ನ ಯಾರಿಗಿ ಕೊಟ್ಟಾರ ನೋಡವ್ವಾ. ಕಾಕಾನ ಮಗಗ. ಕಾಕಾನ ಮಗ ಅಂದ್ರ ಅಣ್ಣ ಅಲ್ಲೇನು?’

‘ಅವರಲ್ಲಿ ನಡೀತೈತಂತ ಅತ್ತಿ.’

‘ಏನ್ ನಡೀತೈತಿ? ಸ್ವಾದರತ್ತಿ ಮಗ ಮನ್ಯಾಗ ಕುಂತಿದ್ದ.’

ಹೀಗೆಂದು ನನ್ನತ್ತ ನೋಡಿದಳು. ನಾನು ಚಹಾ ಕಪ್ಪಿನೊಳಗೆ ನೋಡಿದೆ. ಅವಳು ಪೆನ್ಸಿಲ್ಲಿನಿಂದ ಆ ಗೆರೆ ಹೊಡೆದುಹಾಕಿ, ರಾಜಕುಮಾರಿಯನ್ನು ಸೋದರತ್ತೆಯ ಮಗನಿಗೆ ಕೊಟ್ಟು ಮದುವೆ ಮುಗಿಸಿಯೇ ಬಿಟ್ಟಳು. ಯುರೋಪಿನ ಎರಡು ಸಂಸ್ಥಾನಗಳು ಒಂದೇ ಗೆರೆಯಲ್ಲಿ ಕೈ ಬದಲಾದವು!

‘ಪಂಚಮಿಗೆ ನಡಿ ಅತ್ತಿ’ ಎಂದೆ.

‘ನೀ ಕರದ್ರ ಹೆಂಗ ಬರ್ಲಿ? ಕರ್ಯಾಕ ತಮ್ಮ ಬರಬೇಕು. ಈಕಿ ತಮ್ಮನೂ ರಾಜ ಆದ. ಕಾಗದ ಬರದ, ತಾ ಬರ್ಲಿಲ್ಲ. ಈಕಿ ತವರ ಕಾಣದ ಸತ್ಲು.’

ಅವಳ ಬೆರಳು ಆ ತಮ್ಮನ ಹೆಸರಿನ ಮೇಲೆಯೇ ನಿಂತಿತ್ತು. ಇಷ್ಟು ದಿನ ಇವಳ ಜರ್ಮನಿಯನ್ನು ಹೇಳಿಕೊಂಡು ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಂಗಳಕ್ಕೆ ಬಂದು ಅಪ್ಪನಿಗೆ ಫೋನು ಹಚ್ಚಿ, ಆ ರಾಜಕುಮಾರಿಯ ತಮ್ಮನ ಕಥೆಯಷ್ಟನ್ನೇ ಹೇಳಿದೆ. ಕೇಳಿ ಅಪ್ಪ ಫೋನು ಇಟ್ಟ.

ಅರ್ಧ ಗಂಟೆಯಾಗಿರಬೇಕು, ಬಾಗಿಲಲ್ಲಿ ಅವನ ಮೋಟರ್ ಸೈಕಲ್ಲು ನಿಂತಿತು. ಹೊಸ್ತಿಲ ಆಚೆಯೇ ನಿಂತು, ‘ಅಕ್ಕಾ, ಕರ್ಯಾಕ ಬಂದೀನಿ’ ಎಂದ.

ಅತ್ತೆ ಎದ್ದು ಹೋಗಿ ಅವನ ಟೋಪಿ ತೆಗೆದಳು. ತಲೆಯ ಮೇಲೆ ಕೈಯಾಡಿಸಿದಳು.

‘ಇಷ್ಟ ಬೆಳ್ಳಗ ಯಾವಾಗ ಆದ್ಯೋ ತಮ್ಮಾ? ನಾ ನೋಡಲೇ ಇಲ್ಲಲ್ಲ.’