ಬ್ಯಾರಕ್ಲಫ್‌ನ ಕುರ್ಚಿ ಮತ್ತು ಕಸ್ಟರ್ಡ್ ಹೊಗೆ

ಎಲ್ಲಕ್ಕೂ ಮೂಲ ಒಂದು ಕೆಮ್ಮು. ಗುರುವಾರದ ತಾಲೀಮಿನಲ್ಲಿ ಕ್ಲೆಗ್‌ಡೇಲ್ ಗಿರಣಿ ಬ್ಯಾಂಡಿನವರು ಹಳೆಯ ಪ್ರಾರ್ಥನಾಗೀತೆಯೊಂದನ್ನು ನುಡಿಸುತ್ತಿದ್ದರು. ಕೊನೆಯ ದೀರ್ಘಸ್ವರದ ನಟ್ಟನಡುವೆ ಸೆಲ್ವಿನ್ ಬ್ಯಾರಕ್ಲಫ್ ಕೆಮ್ಮಿಬಿಟ್ಟನು. ತೊಡೆಯ ಮೇಲೆ ಮಗುವಿನಂತೆ ಕುಳಿತಿದ್ದ ಅವನ ಯೂಫೋನಿಯಂ ಎಂಬ ಊದುವಾದ್ಯದ ಹಿತ್ತಾಳೆಯ ಸುರುಳಿಗಳನ್ನೆಲ್ಲ ಸುತ್ತಿ ಆ ಕೆಮ್ಮು ಹೊರಬಿದ್ದಾಗ, ಕೆಸರಿನಲ್ಲಿ ಹೂತ ಹಸುವೊಂದು ದೇವರಿಗೆ ಮೊರೆಯಿಟ್ಟಂತೆ ಕೇಳಿಸಿತು.

ಬ್ಯಾಂಡ್‌ಮಾಸ್ಟರ್ ಆರ್ನಾಲ್ಡ್ ಸಟ್‌ಕ್ಲಿಫ್ ಕೈಯ ಕೋಲನ್ನು ಕೆಳಗಿಟ್ಟನು.

“ನೋಡಪ್ಪಾ ಸೆಲ್ವಿನ್, ಭಾನುವಾರ ಪಾರ್ಕಲ್ಲಿ ಆ ಸ್ವರ ತುಂಡಾಯ್ತೋ, ಕುರ್ಚಿ ಖಾಲಿ ಮಾಡ್ಬೇಕಾಗತ್ತೆ. ನಮ್ಮ ಕೆನ್‌ನ ತಂಗಿ ಮಗ ಗ್ಯಾರೆತ್ ಕಾಯ್ತಾ ಕೂತಿದಾನೆ. ಹುಟ್ಟಿದಾಗಿಂದ ಒಂದು ಸಿಗರೇಟ್ ಮುಟ್ಟಿಲ್ಲ ಆ ಪುಣ್ಯಾತ್ಮ. ಅವನ ಶ್ವಾಸಕೋಶ ಅಂದ್ರೆ ಹೊಸಾ ಫುಟ್‌ಬಾಲ್ ಇದ್ದಂಗೆ!”

ಟ್ರಾಂಬೋನ್ ಊದುವ ಕೆನ್ ವಿನಯದಿಂದ ತಲೆ ತಗ್ಗಿಸಿದನು. ಶ್ವಾಸಕೋಶ ತನ್ನದೇ ಎಂಬಂತೆ.

ಆ ಕುರ್ಚಿ ಸಾಮಾನ್ಯದ್ದಲ್ಲ. ಅದರಲ್ಲಿ ಸೆಲ್ವಿನ್‌ನ ತಂದೆ ಕುಳಿತು ನುಡಿಸಿದ್ದನು. ಗಿರಣಿಯ ಪಾಳಿ ಮುಗಿಸಿ, ತಲೆಗೂದಲಿಗೆ ಅಂಟಿದ ಉಣ್ಣೆಯ ಎಳೆಗಳೊಂದಿಗೇ ನೇರವಾಗಿ ತಾಲೀಮಿಗೆ ಬರುತ್ತಿದ್ದ ಜನ ಆ ಕಾಲದ ಬ್ಯಾಂಡಿನವರು. ನುಡಿಸುವ ಹೊತ್ತಿಗೆ ತಮ್ಮ ತಂಬಾಕಿನ ಪೈಪುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಪಲ್ಲವಿಗೊಮ್ಮೆ ನಿಲ್ಲಿಸಿದಾಗ ಯಾವ ಪೈಪು ಯಾರದೆಂಬ ಜಗಳವಿಲ್ಲದೆ ಎತ್ತಿಕೊಳ್ಳುತ್ತಿದ್ದರು. ಇಂದು ಗಿರಣಿಯಿಲ್ಲ. ಅದರ ಕೆಂಪು ಇಟ್ಟಿಗೆಯ ಚಿಮಣಿಯನ್ನು ಒಂದು ಬೆಳಗ್ಗೆ ಕೆಡವಿ, ಆ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದಾರೆ. ಉಳಿದಿರುವುದು ಬ್ಯಾಂಡಿನ ಹೆಸರು, ಮತ್ತು ಆ ಕುರ್ಚಿ.

ಭಾನುವಾರ ಬೆಳಗ್ಗೆ ಸೆಲ್ವಿನ್ ಅಡುಗೆಮನೆಗೆ ಇಳಿದು ಬಂದಾಗ, ಅವನ ಹೆಂಡತಿ ಮ್ಯೂರಿಯಲ್ ಸಿಗರೇಟುಗಳನ್ನೆಲ್ಲ ಪಾತ್ರೆ ತೊಳೆಯುವ ನೀರಿನಲ್ಲಿ ಅದ್ದಿ ಮುಗಿಸಿದ್ದಳು. ಆಕೆ ಬ್ಯಾಂಡ್ ಸಮಿತಿಯ ಕಾರ್ಯದರ್ಶಿ. ಯಾವ ನಿರ್ಣಯವನ್ನೂ ಅರ್ಧಕ್ಕೆ ಬಿಡುವವಳಲ್ಲ.

“ಇವತ್ತಿಂದ ಬಿಟ್ಟೆ ಅಂದ್ಕೋ. ತಡಕೊಳಕ್ಕಾಗಲ್ವಾ, ಹೋಗಿ ಆ ವೇಪೋ ಗೀಪೋ ತಗೊಂಡು ಬಾ. ಮನೇಲಿ ಮಾತ್ರ ಹೊಗೆ ಕಾಣಬಾರದು. ಆ ಕುರ್ಚಿ ಕಳಕೊಂಡು ಬಂದ್ಯೋ, ನಿಮ್ಮಪ್ಪನ ಫೋಟೋನ ನಾನೇ ಗೋಡೆಗೆ ಮುಖ ಮಾಡಿ ನೇತ್ಹಾಕ್ತೀನಿ.”

ಬೆಂಕಿಯಿಲ್ಲದೆ ಆವಿ ಸೇದುವ ವೇಪ್‌ಗಳ ಅಂಗಡಿಯಿದ್ದದ್ದು ಹಿಂದೆ ತಂಬಾಕಿನ ಅಂಗಡಿಯಿದ್ದ ಕಟ್ಟಡದಲ್ಲಿಯೇ. ಬಾಗಿಲು ನೂಕಿದ ಕೂಡಲೇ ಸೆಲ್ವಿನ್‌ನ ಮೂಗು ಗಾಜಿನ ಜಾಡಿಗಳನ್ನೂ ತೇವದ ತಂಬಾಕಿನ ಸಿಹಿಯನ್ನೂ ಹುಡುಕಿತು. ಸಿಕ್ಕಿದ್ದು ಸ್ಟ್ರಾಬೆರಿಯ ವಾಸನೆ.

ಅಂಗಡಿಯೊಡತಿ ಶಾಝಿಯಾ ಪೆನ್ಸಿಲಿನಷ್ಟು ದಪ್ಪದ ವೇಪ್ ಒಂದನ್ನು ಮುಂದಿಟ್ಟಳು. “ಇದು ತಗೊಳ್ಳಿ ಅಂಕಲ್. ಗುಂಡಿ ಇಲ್ಲ, ಗೊಂದಲ ಇಲ್ಲ. ಸಿಗರೇಟ್ ಥರಾನೇ ಎಳೀರಿ, ಸಾಕು. ಹೊಸದಾಗಿ ಬಿಡೋರಿಗೆ ಇದೇ ವಾಸಿ.”

ಪ್ರಾಮಾಣಿಕವಾದ ಮಾತು ಇಷ್ಟು ಚಿಕ್ಕದಾಗಿರುತ್ತದೆ. ಆದರೆ ಅದನ್ನು ಕೇಳಿ ಮನೆಗೆ ಹೋಗುವುದಕ್ಕೆ ಜಗತ್ತು ಮನುಷ್ಯನನ್ನು ಬಿಡಬೇಕಲ್ಲ! ಸೆಲ್ವಿನ್ ಜೇಬಿಗೆ ಕೈಹಾಕುವಷ್ಟರಲ್ಲಿ ಟ್ರಾಂಬೋನಿನ ಕೆನ್ ಒಳಗೆ ಬಂದನು. ಅವನ ಬೆನ್ನಿಗೆ ಕಾರ್ನೆಟ್ ಊದುವ ಬ್ರೆಂಡಾ. ಇಬ್ಬರೂ ಸಿಗರೇಟು ಬಿಟ್ಟವರಲ್ಲ. ಏಕೆಂದರೆ ಇಬ್ಬರೂ ಎಂದೂ ಸೇದಿದವರಲ್ಲ. ಸಲಹೆ ಕೊಡಲು ಇದಕ್ಕಿಂತ ಬೇರೆ ಅರ್ಹತೆಯನ್ನು ಈ ಕಾಲ ಕೇಳುವುದಿಲ್ಲ.

“ಏನಯ್ಯಾ ಇದು, ಕಿವಿ ಕೆರಕೊಳ್ಳೋ ಕಡ್ಡೀನಾ?” ಎಂದ ಕೆನ್. “ಅಷ್ಟು ದೊಡ್ಡ ವಾದ್ಯ ಊದೋ ಗಂಡಸು ಇದನ್ನ ಚೀಪ್ತಾ ಕೂತ್ರೆ ಊರು ನಗಲ್ವಾ? ಅಗೋ, ಅದನ್ನ ಕೊಡಮ್ಮಾ.”

‘ಅದು’ ಎಂದರೆ ಅಂಗೈ ತುಂಬುವ ಒಂದು ಯಂತ್ರ. ಅದಕ್ಕೆ ಶಕ್ತಿ ಏರಿಸುವ ಗುಂಡಿ, ಇಳಿಸುವ ಗುಂಡಿ, ಗಾಳಿಯ ಕಿಂಡಿಯನ್ನು ತಿರುಗಿಸುವ ಬಳೆ, ಬಿಚ್ಚಿ ಬದಲಾಯಿಸುವ ಸುರುಳಿ, ದ್ರವ ತುಂಬುವ ಗಾಜಿನ ತೊಟ್ಟಿ. ಶಾಝಿಯಾ ಬೇಡವೆಂದು ತಲೆಯಾಡಿಸಿದಳು. ಆದರೆ ಸೆಲ್ವಿನ್ ಅದನ್ನು ಆಗಲೇ ಕೈಗೆತ್ತಿಕೊಂಡಿದ್ದನು. ತಂದೆ ಪೈಪನ್ನು ಬಿಚ್ಚಿ, ಕೆರೆದು, ತುಂಬಿ, ಹೆಬ್ಬೆರಳಿನಿಂದ ಒತ್ತುತ್ತಿದ್ದ ಭಾನುವಾರಗಳು ಅವನ ಬೆರಳುಗಳಿಗೆ ನೆನಪಾಗಿದ್ದವು. ಕೈಗೆ ಒಂದು ಕೆಲಸವಿದ್ದ ಕಾಲ ಅದು.

“ಪೈಪಿನ ತಂಬಾಕಿನ ವಾಸನೆದು ಇದೆಯಾ?” ಎಂದು ಮೆಲ್ಲಗೆ ಕೇಳಿದ.

“ಥೂ, ಸ್ಮಶಾನದ ವಾಸನೆ!” ಎಂದಳು ಬ್ರೆಂಡಾ. “ರೂಬಾರ್ಬ್ ಕಸ್ಟರ್ಡ್ ಹಾಕಮ್ಮಾ, ಆ ಹುಳಿದಂಟಿನ ಸಿಹಿ ವಾಸನೆದು. ಪಕ್ಕದಲ್ಲಿ ಕೂತು ಮೂಸೋಳು ನಾನು.”

ಶಾಝಿಯಾ ಕೊನೆಯದಾಗಿ ಎಚ್ಚರಿಸಿದಳು: “ಶಕ್ತಿ ಮಾತ್ರ ಏರಿಸಬೇಡಿ ಅಂಕಲ್. ಇದ್ದಲ್ಲೇ ಇರಲಿ.”

ಮೇಲೆ ಹೋಗುವ ಗುಂಡಿಯೊಂದನ್ನು ಕಂಡು ಸುಮ್ಮನಿರುವ ಮನುಷ್ಯನನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಬಸ್ ನಿಲ್ದಾಣದಲ್ಲಿ ಕೆನ್ ಅದನ್ನು ಒಮ್ಮೆ ಒತ್ತಿದನು. ಸೆಲ್ವಿನ್ ಬಿಟ್ಟ ಮೋಡದಲ್ಲಿ ಮುದುಕಿಯೊಬ್ಬಳ ನಾಯಿ ಕಾಣೆಯಾಗಿ, ಬೇರೊಬ್ಬರ ಬಸ್ಸು ಹತ್ತಿತು. ಬ್ಯಾಂಡಿನ ಕೋಣೆಯಲ್ಲಿ ಸಮವಸ್ತ್ರ ತೊಡುವಾಗ ಬ್ರೆಂಡಾ “ನೋಡೋಣ ಕೊಡು” ಎಂದು ಬಳೆ ತಿರುಗಿಸಿದಳು. ಸೆಲ್ವಿನ್ ಎಳೆದು ಬಿಟ್ಟನು. ಬೆಂಕಿಯ ಗಂಟೆ ಹೊಡೆದುಕೊಂಡಿತು. ಇಡೀ ಬ್ಯಾಂಡು ಅರ್ಧ ಗುಂಡಿ ಹಾಕಿಕೊಂಡು, ವಾದ್ಯಗಳನ್ನು ತಬ್ಬಿಕೊಂಡು ಜಿನುಗುಮಳೆಯಲ್ಲಿ ನಿಂತಿತು. ಒಬ್ಬ ಡೋಲಿನವನು ಒಂದೇ ಕಾಲಿಗೆ ಷರಾಯಿ ಹಾಕಿದ್ದನು.

“ಸೆಲ್ವಿನ್!” ಆರ್ನಾಲ್ಡ್‌ನ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಆ ಕೆಟಲ್‌ನ ಇನ್ನೊಂದ್ಸಲ ನನ್ನ ಕಣ್ಣಿಗೆ ತೋರಿಸಿದ್ರೆ ಕುರ್ಚಿನೂ ಇಲ್ಲ, ಕೋಟೂ ಇಲ್ಲ, ತಿಳೀತಾ?”

ಸೆಲ್ವಿನ್ ಅದನ್ನು ಅವಸರದಲ್ಲಿ ತಲೆಕೆಳಗಾಗಿ ಜೇಬಿಗೆ ತುರುಕಿದನು. ಅದು ಸೋರಿತು. ಪಾರ್ಕು ತಲುಪುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದು, ಕಣಜದ ಹುಳುಗಳು ಅವನ ಬಲಜೇಬನ್ನು ರೂಬಾರ್ಬ್ ತೋಟವೆಂದೇ ನಂಬಿ ಹಿಂಬಾಲಿಸಿದವು. ಆಗ ಸೆಲ್ವಿನ್‌ಗೆ ವೈರಾಗ್ಯ ಬಂದಿತು. ಸಿಗರೇಟೂ ಬೇಡ, ಈ ಯಂತ್ರವೂ ಬೇಡ. ಇಂದಿನ ನುಡಿಸಾಣಿಕೆ ಮುಗಿಯಲಿ, ಎಲ್ಲವನ್ನೂ ಒಟ್ಟಿಗೆ ತೊರೆಯುತ್ತೇನೆ ಎಂದು ಅವನು ನಿಶ್ಚಯಿಸಿದನು. ಅದು ನಿಜವಾದ ನಿಶ್ಚಯ. ಆದರೆ ನಿಜವಾದ ನಿಶ್ಚಯಕ್ಕೂ ಕೊನೆಯದೊಂದು ಬಾರಿ ಎಂಬುದಿರುತ್ತದೆ. ಬ್ಯಾಂಡ್ ಮಂಟಪದ ಹಿಂದೆ ನಿಂತು, ಎದೆಯ ತಳ ಮುಟ್ಟುವಂತೆ ಒಂದು ದೀರ್ಘ ಆವಿಯನ್ನು ಎಳೆದನು.

“ಸೆಲ್ವಿನ್! ಎಲ್ಲಿ ಸತ್ತೆ? ಮೇಲೆ ಬಾ!”

ಎದುರಿಗೇ ಆರ್ನಾಲ್ಡ್. ಈಗ ಉಸಿರು ಬಿಟ್ಟರೆ ಕುರ್ಚಿ ಹೋಯಿತು. ಸೆಲ್ವಿನ್ ಕೆನ್ನೆಯುಬ್ಬಿಸಿ, ಕಣ್ಣು ಕೆಂಪಾಗಿ, ಮೆಟ್ಟಿಲೇರಿ ಕುಳಿತನು. ಕೋಲು ಮೇಲೆದ್ದಿತು. ಇನ್ನೇನು ಮಾಡಿಯಾನು? ಊದಿದನು.

ಮೊದಲ ಸ್ವರದೊಡನೆ ಯೂಫೋನಿಯಂನ ಬಾಯಿಂದ ಬಿಳಿಯ ಹೊಗೆ ಎದ್ದಿತು. ಹೊಳೆಯುವ ಹಿತ್ತಾಳೆಯ ಅಂಚನ್ನು ದಾಟಿ, ಅವಸರವಿಲ್ಲದೆ ಸುರುಳಿಸುರುಳಿಯಾಗಿ ಮಂಟಪದ ಸೂರಿನಾಚೆ ಏರಿತು. ಸಾಲುಕುರ್ಚಿಗಳಲ್ಲಿ ತಲೆಗಳು ಮೇಲೆದ್ದವು. ಗಾಲಿಕುರ್ಚಿಯಲ್ಲಿದ್ದ ಐವಿ ಎಂಬ ಮುದುಕಿ, ಗಿರಣಿಯ ಮಗ್ಗದಲ್ಲಿ ಬಾಳು ಸವೆಸಿದವಳು, ಕೈಯೆತ್ತಿ ತೋರಿಸಿದಳು.

“ನೋಡ್ರೇ, ಚಿಮಣಿ! ಸೋಮವಾರ ಬೆಳಗ್ಗೆ ಹಿಂಗೇ ಅಲ್ವಾ ಬರ್ತಿತ್ತು? ಅಯ್ಯೋ, ನನ್ನ ಊಟದ ಡಬ್ಬಿ ಎಲ್ಲಿಟ್ಟೆ...”

ಒಬ್ಬೊಬ್ಬರಾಗಿ ಮುದುಕರು ಟೋಪಿ ತೆಗೆದರು. ಸೆಲ್ವಿನ್‌ಗೆ ಕಣ್ಣು ಮಂಜಾಯಿತು. ಪಾಳಿ ಮುಗಿಸಿ ಬೆಟ್ಟದ ದಾರಿಯಲ್ಲಿ ಏರಿ ಬರುತ್ತಿದ್ದ ತಂದೆಯ ನಡಿಗೆ ಅಲ್ಲಿ ಕಂಡಿತು. ಕೊನೆಯ ದೀರ್ಘಸ್ವರ ಬಂದಾಗ ಅವನಿಗೆ ಕೆಮ್ಮುವುದು ಮರೆತೇಹೋಯಿತು. ಸ್ವರ ಅಖಂಡವಾಗಿ ನಿಂತಿತು.

ಚಪ್ಪಾಳೆ ನಿಂತು, ವಾದ್ಯವನ್ನು ಒರೆಸಿ ಪೆಟ್ಟಿಗೆಗಿಟ್ಟ ಮೇಲೆ ಅವನು ಮ್ಯೂರಿಯಲ್ ಬಳಿಗೆ ಹೋಗಿ ಯಂತ್ರವನ್ನು ಅವಳ ಅಂಗೈಯಲ್ಲಿಟ್ಟನು. “ತಗೋಳೇ. ಕುರ್ಚಿ ಉಳೀತು. ಇನ್ನು ನನಗೆ ಯಾವ ಹೊಗೆನೂ ಬೇಡ. ಆಣೆ.”

ಮ್ಯೂರಿಯಲ್ ಅದರ ಅಂಟನ್ನು ಕರವಸ್ತ್ರದಿಂದ ಚೆನ್ನಾಗಿ ಒರೆಸಿದಳು. ಗಾಜಿಗೆ ಬಾಯಿಯುಸಿರು ಕೊಟ್ಟು ಹೊಳಪು ತಂದಳು. ಆಮೇಲೆ ಅದನ್ನು ನೆಟ್ಟಗೆ ಅವನ ಜೇಬಿಗೇ ಇಳಿಸಿದಳು.

“ಹುಚ್ಚನ ಹಾಗೆ ಆಡ್ಬೇಡ. ಸಮಿತಿ ಈಗಷ್ಟೇ ಸೇರಿತ್ತು. ಇನ್ಮೇಲೆ ಪ್ರತಿ ಕಛೇರೀಲೂ ಹೊಗೆ ಇರಬೇಕು ಅಂತ ನಿರ್ಣಯ ಆಯ್ತು. ಮಂಡಿಸಿದ್ದು ಆರ್ನಾಲ್ಡ್, ಅನುಮೋದಿಸಿದ್ದು ನಾನು.”

“ಮ್ಯೂರಿಯಲ್, ಬೆಳಗ್ಗೆ ನೀನೇ ಅಲ್ವೇನೇ...”

“ಬೆಳಗ್ಗೆ ಹೇಳಿದ್ದು ಮನೆ ವಿಚಾರ. ಇದು ಊರಿನ ವಿಚಾರ.”

ಒಂದು ಊರು ತನ್ನ ಗಿರಣಿಯನ್ನು ಕೆಡವುವಾಗ ಕೈಕಟ್ಟಿ ನೋಡಿ, ಅದರ ನೆನಪಿಗೆ ಒಬ್ಬ ಬಡಪಾಯಿಯ ಎದೆಯನ್ನು ಕುಲುಮೆ ಮಾಡುವುದು ಯಾವ ನ್ಯಾಯ? ಸೆಲ್ವಿನ್‌ಗೂ ಹಾಗೆಯೇ ಅನ್ನಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಬ್ಯಾಂಡ್‌ಮಾಸ್ಟರನ ಎದುರು ಎದೆಯೆತ್ತಿ ನಿಂತನು.

“ಆರ್ನಾಲ್ಡ್, ನಾನು ಬಿಟ್ಟಾಯ್ತು. ಸ್ವರ ಬೇಕಾದ್ರೆ ಕೊಡ್ತೀನಿ. ಹೊಗೆ ಮಾತ್ರ ಕೊಡಲ್ಲ. ಏನ್ಮಾಡ್ತೀಯೋ ಮಾಡ್ಕೋ!”

ಆರ್ನಾಲ್ಡ್ ಕನಿಕರದಿಂದ ಅವನ ಭುಜದ ಮೇಲೆ ಕೈಯಿಟ್ಟನು.

“ನಿನ್ನಿಷ್ಟ ಕಣಯ್ಯಾ, ಬಲವಂತ ಇಲ್ಲ. ಗ್ಯಾರೆತ್‌ನ ಆಗಲೇ ಕೇಳಿದೀನಿ. ಅಭ್ಯಾಸ ಇಲ್ಲ, ಆದ್ರೆ ಕಲೀತೀನಿ ಅಂದಿದಾನೆ. ಕೆನ್ ಆಗಲೇ ಅವನ್ನ ಅಂಗಡಿಗೆ ಕರಕೊಂಡು ಹೋದ.”