ತ್ರೈರಾಶಿಯ ಕಜ್ಜಾಯ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನಿಗೆ ಒಂದು ಕಜ್ಜಾಯ ಯಾವ ಲೆಕ್ಕ? ಅಕ್ಕಿ, ಬೆಲ್ಲ, ಎಣ್ಣೆ. ಮೂರೇ ಪದಾರ್ಥ. ಇದಕ್ಕಿಂತ ಕಷ್ಟದ ಸಮೀಕರಣಗಳನ್ನು ನಾನು ಸ್ನಾನ ಮಾಡುತ್ತಲೇ ಬಿಡಿಸಿದ್ದೇನೆ. ಹೀಗಾಗಿ ದೀಪಾವಳಿಗೆ ಹತ್ತು ದಿನವಿರುವಾಗ ಹೊನ್ನೂರಿನಿಂದ ಅತ್ತಿಗೆಯ ಫೋನು ಬಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಹೊನ್ನೂರಿನಲ್ಲಿರುವುದು ನಮ್ಮ ಅಣ್ಣನ ಮನೆ. ದೀಪಾವಳಿ ಅಮಾವಾಸ್ಯೆಯ ದಿನ ಅಲ್ಲಿ ನೋಂಪಿ ವ್ರತ ನಡೆಯುತ್ತದೆ. ದೇವರ ಮುಂದೆ ಇಪ್ಪತ್ತೊಂದು ಕಜ್ಜಾಯ ಇಡಬೇಕು. ಅಂಗಡಿಯದು ಆಗುವುದಿಲ್ಲ, ಮನೆತನದವರೇ ಮಡಿಯಲ್ಲಿ ಮಾಡಬೇಕು. ಇಷ್ಟು ವರ್ಷ ಅತ್ತಿಗೆಯೇ ಮಾಡುತ್ತಿದ್ದರು. ಅವತ್ತು ಒಲೆಯ ಹತ್ತಿರ ಇನ್ನೊಬ್ಬರನ್ನು ಸುಳಿಯಗೊಡುತ್ತಿರಲಿಲ್ಲ. ಈ ವರ್ಷ ಅವರಿಗೆ ವಿಪರೀತ ಮಂಡಿನೋವು. ಸೊಸೆ ರೂಪ ಮೂರು ತಿಂಗಳ ಬಾಣಂತಿ. ಕಜ್ಜಾಯವಿಲ್ಲದಿದ್ದರೆ ನೋಂಪಿ ತಪ್ಪುತ್ತದೆ. ಅಪ್ಪನ ಕಾಲದಿಂದ ಅದು ಒಂದು ವರ್ಷವೂ ತಪ್ಪಿದ್ದಿಲ್ಲ.

"ಮೇಷ್ಟ್ರಪ್ಪಾ, ನಾಗಮಣಿಗೆ ಫೋನ್ ಕೊಡು. ಈ ಸಲ ಕಜ್ಜಾಯ ಅವ್ಳೇ ಮಾಡ್ಕಂಡು ಬರ್ಬೇಕು" ಅಂದರು ಅತ್ತಿಗೆ.

"ಅವಳ್ಯಾಕತ್ತಿಗೆ? ನಾನೇ ಮಾಡ್ಕಂಡು ಬತ್ತೀನಿ!"

ಆ ಕಡೆ ಅತ್ತಿಗೆ ಮಾದಪ್ಪನ ಹೆಸರು ಹೇಳಿಕೊಂಡದ್ದು ಕೇಳಿಸಿತು.

"ಉಸಾರು ಕಣಪ್ಪಾ" ಅಂದರು ಕೊನೆಗೆ. "ನೋಂಪಿ ಇಸ್ಯ. ಆಟ ಅಲ್ಲ."

ನಾಗಮಣಿ ನನ್ನ ಹೆಂಡತಿ. ಸೋಫಾದ ಇನ್ನೊಂದು ತುದಿಯಲ್ಲಿ ಕೂತು ರೂಪಳ ಮಗುವಿಗೆಂದು ಗುಲಾಬಿ ಬಣ್ಣದ ಉಲನ್ನಿನಲ್ಲಿ ಕ್ರೋಶಾ ಟೋಪಿ ಹೆಣೆಯುತ್ತಿದ್ದಳು. ಕಡ್ಡಿ ನಿಂತಿತು.

"ಕೇಳಿದ್ದು ನನ್ನ. ಒಪ್ಕಂಡಿದ್ದು ನೀವು. ಮಾಡೋರೂ ನೀವೇ. ನಾನು ಈ ಕಡೆಯಿಂದ ಆ ಕಡೆಗೆ ಒಂದು ಸೌಟೂ ಎತ್ತಿಡಲ್ಲ ಕಣ್ರಿ."

"ಯಾಕಿಷ್ಟು ಕೋಪ? ಅಡುಗೆ ಅಂದರೂ ಲೆಕ್ಕ, ನೀನು ಮಾಡ್ತಿರೋ ಹೆಣಿಗೆ ಅಂದರೂ ಲೆಕ್ಕ. ಬರೀ ಎಣಿಕೆ ತಾನೇ?"

"ಅಂಗಾ? ಅಂಗಾರೆ ಇದನ್ನೂ ನೀವೇ ಮಾಡ್ಬುಡಿ!" ಎಂದು ಉಲನ್ನಿನ ಉಂಡೆ, ಕಡ್ಡಿ ಎರಡನ್ನೂ ನನ್ನ ತೊಡೆಯ ಮೇಲೆ ಹಾಕಿ ಎದ್ದು ಹೋದಳು.

ನಾನು ಇದನ್ನು ಬಡ್ತಿ ಎಂದು ಭಾವಿಸಿದೆ.

ಮೊದಲು ಟೋಪಿಯ ವಿಚಾರ ಮುಗಿಸಿಬಿಡುತ್ತೇನೆ. ಮಗುವಿನ ತಲೆಯ ಸುತ್ತಳತೆ ಎಷ್ಟೆಂದು ಅತ್ತಿಗೆಯನ್ನು ಫೋನಿನಲ್ಲಿ ಕೇಳಿದೆ. ಅವರು ಮಗುವಿನ ತಲೆಗೆ ಕೈಯಿಟ್ಟು ಅಳೆದು "ಎಲ್ಡು ಗೇಣು" ಅಂದರು. ನಾನು ನನ್ನ ಕೈಯಲ್ಲಿ ಎರಡು ಗೇಣು ಅಳೆದುಕೊಂಡೆ. ಅತ್ತಿಗೆ ಐದಡಿಯೂ ಇಲ್ಲ, ನಾನು ಆರಡಿ ಇದ್ದೇನೆ ಎಂಬ ಅಂಶ ನನ್ನ ಗಮನಕ್ಕೆ ಬರಲಿಲ್ಲ. ಅದರ ಮೇಲೆ ಮಗು ಬೆಳೆಯುತ್ತದೆಂದು ಒಂದಿಷ್ಟು ಸೇರಿಸಿದೆ. ಉಲನ್ ಒಗೆದರೆ ಕುಗ್ಗುತ್ತದೆಂದು ಇನ್ನೊಂದಿಷ್ಟು ಸೇರಿಸಿದೆ. ಏಳು ದಿನ ಕಣ್ಣು ಕಿರಿದು ಮಾಡಿಕೊಂಡು ಹೆಣೆದೆ. ಕೊನೆಗೆ ಮೇಲೆ ಎರಡು ಮೊಲದ ಕಿವಿಗಳನ್ನೂ ಅಂಟಿಸಿದೆ. ಹೆಂಡತಿ ಅದನ್ನು ಎತ್ತಿ ಹಿಡಿದು ನೋಡಿದಳು.

"ಇದು ಮಗೀಗೋ, ಕುಕ್ಕರ್‌ಗೋ?"

ಹೊಟ್ಟೆಕಿಚ್ಚಿಗೆ ಉತ್ತರ ಕೊಡುವ ಸ್ವಭಾವ ನನ್ನದಲ್ಲ.

ಇನ್ನು ಕಜ್ಜಾಯ. ಫೋನಿನಲ್ಲಿ ಒಂದು ವಿಡಿಯೋ ಹುಡುಕಿದೆ. ಅದರಲ್ಲಿ ಒಬ್ಬ ಹೆಂಗಸು ಅಕ್ಕಿ ನೆನೆಹಾಕಿ, ನೆರಳಲ್ಲಿ ಹರಡಿ, ಸ್ವಲ್ಪ ತೇವ ಇರುವಾಗಲೇ ಹಿಟ್ಟು ಮಾಡಿಸಿ ಎಂದರು. ಸ್ವಲ್ಪ ಎಂದರೆ ಎಷ್ಟು? ಗಣಿತದಲ್ಲಿ ಸ್ವಲ್ಪ ಎಂಬ ಸಂಖ್ಯೆಯೇ ಇಲ್ಲ. ಸೊನ್ನೆ ಇದೆ. ಆದ್ದರಿಂದ ತೇವವನ್ನು ಸೊನ್ನೆಗೆ ಇಳಿಸಲು ತೀರ್ಮಾನಿಸಿ ಎರಡು ದಿನ ತಾರಸಿಯ ಮೇಲೆ ಉರಿಬಿಸಿಲಲ್ಲಿ ಅಕ್ಕಿ ಒಣಗಿಸಿದೆ. ಮಿಲ್ಲಿನವನು ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, "ಸಾ, ಕಜ್ಜಾಯಕ್ಕೆ ಅಂತೀರಿ, ಪೂರಾ ಒಣಗೋಗದಲ್ಲ ಸಾ" ಅಂದ. ಅವನು ನನ್ನ ಹಳೆಯ ವಿದ್ಯಾರ್ಥಿ. ಎರಡು ಸಲ ಗಣಿತದಲ್ಲಿ ಫೇಲಾಗಿದ್ದವನು. ಅವನ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಉಪವಾಸವಿದ್ದು ಒಲೆಯ ಮುಂದೆ ನಿಂತೆ. ಮುಖ್ಯ ಘಟ್ಟ ಬೆಲ್ಲದ ಪಾಕ. ವಿಡಿಯೋದವರು ಅರ್ಧ ಕೆಜಿ ಬೆಲ್ಲಕ್ಕೆ ಹತ್ತು ನಿಮಿಷ ಎಂದಿದ್ದರು. ಒಂದಿಷ್ಟು ಹೆಚ್ಚೇ ಇರಲಿ ಎಂದು ನಾನು ಹಾಕಿದ್ದು ಎರಡು ಕೆಜಿ. ಇನ್ನೇನು, ಏಳನೇ ಕ್ಲಾಸಿನ ತ್ರೈರಾಶಿ! ಅರ್ಧಕ್ಕೆ ಹತ್ತಾದರೆ ಎರಡಕ್ಕೆ ನಲವತ್ತು. ಗೋಡೆಯ ಗಡಿಯಾರ ನೋಡಿಕೊಂಡು ಒಲೆ ಹಚ್ಚಿದೆ.

ಹನ್ನೆರಡು ನಿಮಿಷಕ್ಕೆ ಮನೆಯೆಲ್ಲ ಘಮ್ಮೆಂದಿತು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಸೌಟು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದಳೇ ಹೊರತು ಬಾಯಿ ಬಿಡುವುದಿಲ್ಲ ಎಂದಿರಲಿಲ್ಲ.

"ರೀ, ಒಂದು ಬಟ್ಟಲು ನೀರಿಗೆ ಒಂದು ತೊಟ್ಟು ಪಾಕ ಬುಟ್ಟು ನೋಡಿ. ಮೆತ್ತಗೆ ಉಂಡೆ ಕಟ್ಟುದ್ರೆ ಇಳ್ಸಿ."

"ಇನ್ನೂ ಇಪ್ಪತ್ತೆಂಟು ನಿಮಿಷ ಬಾಕಿ ಇದೆ."

"ಪಾಕಕ್ಕೆ ಗಡಿಯಾರ ನೋಡಕ್ಕೆ ಬತ್ತದಾ?"

ಇಪ್ಪತ್ತೈದನೇ ನಿಮಿಷಕ್ಕೆ ವಾಸನೆ ಬದಲಾಯಿತು. ಮೂವತ್ತೈದಕ್ಕೆ ಸೌಟು ಯಾರೂ ಹಿಡಿಯದೆ ನೆಟ್ಟಗೆ ನಿಂತುಕೊಂಡಿತು. ಆದರೂ ಲೆಕ್ಕವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಸರಿಯಾಗಿ ನಲವತ್ತಕ್ಕೆ ಇಳಿಸಿದೆ!

ಹಿಟ್ಟು ಸುರಿದು ಕಲಸಲು ಹೋದರೆ ಅದು ನನ್ನನ್ನೇ ಕಲಸಿತು. ಬಿಸಿನೀರು ಹಾಕಿದೆ. ಹಾಲು ಹಾಕಿದೆ. ತುಪ್ಪ ಹಾಕಿದೆ. ಕುಟ್ಟಾಣಿಯಲ್ಲಿ ಕುಟ್ಟಿದೆ. ಮುಕ್ಕಾಲು ಪಾಲು ಪಾತ್ರೆಗೇ ಅಂಟಿ ಕಲ್ಲಾಯಿತು. ಸಂಜೆಯ ಹೊತ್ತಿಗೆ ಬಾಳೆ ಎಲೆಯ ಮೇಲೆ ತಟ್ಟಿ, ಗಸಗಸೆ ಉದುರಿಸಿ, ಎಣ್ಣೆಯಲ್ಲಿ ಕರಿದು ಸಾಲಾಗಿ ಜೋಡಿಸಿದೆ. ಸಂಖ್ಯೆ ಇಪ್ಪತ್ತೊಂದು. ಅದೊಂದು ಮಾತ್ರ ಸರಿಯಾಗಿತ್ತು.

ಮಿಕ್ಕ ಹಿಟ್ಟಿನಲ್ಲಿ ನಾನು ಮಾಡಿದ್ದ ಇಪ್ಪತ್ತೆರಡನೆಯದೊಂದನ್ನು ನಾಗಮಣಿ ತೆಗೆದು ಅಡುಗೆಮನೆಯ ಗ್ರಾನೈಟಿಗೆ ಬಡಿದಳು. ಗ್ರಾನೈಟಿಗೆ ಏನೂ ಆಗಲಿಲ್ಲ. ಕಜ್ಜಾಯಕ್ಕೂ ಏನೂ ಆಗಲಿಲ್ಲ.

ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಬೆಳಗಾದರೆ ಅಮಾವಾಸ್ಯೆ. ಹೊಸದಾಗಿ ಅಕ್ಕಿ ನೆನೆಹಾಕಲು ಸಮಯವಿಲ್ಲ. ಮನೆತನದ ನೋಂಪಿ ನನ್ನ ಕೈಯಲ್ಲಿ ತಪ್ಪುವುದರಲ್ಲಿತ್ತು.

"ಹೊನ್ನೂರಿನ ಅಕ್ಕನಿಗೆ ಒಂದು ಫೋನ್ ಮಾಡಿ ಕೇಳಿದ್ರೆ ನಿಮ್ಮ ಗಂಟೇನು ಓಯ್ತಿತ್ತು?" ಅಂದಳು ಹೆಂಡತಿ. ಅವಳಿಗೆ ಕೋಪಕ್ಕಿಂತ ದುಃಖವೇ ಹೆಚ್ಚಾಗಿತ್ತು ಅನಿಸುತ್ತದೆ. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಮರುದಿನ ನಾವಿರುವ ಕೊಳ್ಳೇಗಾಲದಿಂದ ಮೊದಲ ಬಸ್ಸು ಹತ್ತಿ ಹೊನ್ನೂರು ಸೇರಿದೆವು. ಟೋಪಿಯನ್ನು ಮಗುವಿಗೆ ತೊಡಿಸಿದಾಗ ಮಗು ಕಾಣೆಯಾಯಿತು. ಎರಡು ಕಿವಿ, ಅದರ ಕೆಳಗೆ ಎರಡು ಕಾಲು. ಒಳಗಿನಿಂದ ಅಳು ಬಂದ ಮೇಲೆ ರೂಪ ಗಾಬರಿಯಿಂದ ಕಿತ್ತು ತೆಗೆದಳು. ಅಣ್ಣ ಅದನ್ನು ಇಸಿದುಕೊಂಡು ತನ್ನ ತಲೆಗೆ ಹಾಕಿ ನೋಡಿದ. ಅಳತೆ ತೆಗೆದು ಮಾಡಿದಂತಿತ್ತು!

"ಒತ್ತಾರೆ ಗದ್ದೆಗೆ ನೀರ್ ಕಟ್ಟಕ್ಕೋಗುವಾಗ ಚಳಿ ತಡೀತದೆ ಕಣ್ಲಾ" ಅಂದ. ಅವತ್ತಿನಿಂದ ಹೊನ್ನೂರಿನ ಗದ್ದೆ ಬಯಲಿನಲ್ಲಿ ಎಪ್ಪತ್ತೆರಡು ವರ್ಷದ ಗುಲಾಬಿ ಮೊಲವೊಂದು ಗುದ್ದಲಿ ಹಿಡಿದು ಓಡಾಡುತ್ತಿದೆ.

ಅತ್ತಿಗೆ ಕಜ್ಜಾಯದ ಡಬ್ಬಿ ತೆರೆದರು. ಒಂದನ್ನು ಕೈಗೆತ್ತಿಕೊಂಡು ತೂಗಿದರು. ನನ್ನ ಮುಖ ನೋಡಿದರು. ಆಮೇಲೆ ದೇವರ ಮುಖ ನೋಡಿದರು.

"ದೇವ್ರೇನು ಕಚ್ಚಿ ನೋಡಲ್ಲ. ಇಡು" ಅಂದರು.

ಪೂಜೆ ನಡೆಯಿತು. ನೋಂಪಿ ತಪ್ಪಲಿಲ್ಲ. ನನ್ನ ಎದೆಯ ಭಾರ ಇಳಿಯಿತು. ಆದರೆ ದೇವರು ಬಿಟ್ಟದ್ದನ್ನು ಮನುಷ್ಯರು ತಿನ್ನಬೇಕಲ್ಲ! ನಮ್ಮ ಮನೆತನದ ಕಟ್ಟಳೆ ಏನೆಂದರೆ ನೋಂಪಿ ಕಜ್ಜಾಯವನ್ನು ಬಿಸಾಡುವಂತಿಲ್ಲ, ಹೊರಗಿನವರಿಗೆ ಕೊಡುವಂತಿಲ್ಲ. ಮನೆಯವರೇ ತಿಂದು ಮುಗಿಸಬೇಕು. ರೂಪ ಬಾಣಂತಿ ಎಂಬ ಕಾರಣಕ್ಕೆ ಪಾರಾದಳು. ಅವಳ ಗಂಡ ಮಹೇಶ ತಾನೂ ಬಾಣಂತಿಯಾಗಿರಬಾರದಿತ್ತೇ ಎಂಬಂತೆ ಅವಳನ್ನೇ ನೋಡುತ್ತಿದ್ದ. ಉಳಿದ ಐದು ಮಂದಿ ನಡುಮನೆಯಲ್ಲಿ ಕೂತು ತಿನ್ನತೊಡಗಿದೆವು. ಕಟುಂ ಕಟುಂ ಎಂಬ ಸದ್ದು ಮಾತ್ರ ಕೇಳುತ್ತಿತ್ತು. ಹಾಲಿನಲ್ಲಿ ನೆನೆಸಿಟ್ಟು ನೋಡಿದೆವು. ಹಾಲು ಸಿಹಿಯಾಯಿತು, ಕಜ್ಜಾಯ ಹಾಗೇ ಇತ್ತು. ಎರಡನೇ ದಿನ ಮಹೇಶ ಒರಳಿಗೆ ಹಾಕಿ ಕುಟ್ಟಿದ. ಮೂರನೇ ದಿನ ನನ್ನ ದವಡೆ ಹಲ್ಲೊಂದು ಅಲ್ಲಾಡತೊಡಗಿತು. ನಾಲ್ಕನೇ ದಿನಕ್ಕೆ ಡಬ್ಬಿ ಖಾಲಿಯಾಯಿತು.

ಕೊನೆಯ ಚೂರನ್ನು ನುಂಗಿ ನೀರು ಕುಡಿದ ಅಣ್ಣನಿಗೆ ಇದ್ದಕ್ಕಿದ್ದಂತೆ ಏನೋ ನೆನಪಾಯಿತು.

"ನೋಂಪಿ ಕಜ್ಜಾಯಕ್ಕೆ ಒಂದ್ಸಲ ಕೈ ಹಚ್ಚಿದೋರು ಕೈಲಾಗೋಗಂಟ ಬುಡಂಗಿಲ್ಲ ಅಂತ ಅಪ್ಪ ಯೋಳ್ತಿದ್ದ. ಅಂಗಾರೆ ಇನ್ಮೇಕೆ ವರ್ಸವರ್ಸ ಇವ್ನೇ ಮಾಡ್ಬೇಕಲ್ವಾ?"

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಅವರ ಹೃದಯ ತುಂಬಿ ಬಂದಿದೆ ಎಂದು ನಾನು ತಿಳಿದೆ.

"ಸಂತೋಷವಾಗಿ ಮಾಡ್ತೀನಿ ಅಣ್ಣಾ!" ಅಂದೆ.

ಎರಡು ವಾರ ಕಳೆಯಿತು. ಕಾರ್ತಿಕದ ಒಂದು ಬುಧವಾರ ಹೊನ್ನೂರಿನವರೆಲ್ಲ ವ್ಯಾನು ಮಾಡಿಕೊಂಡು ನಮ್ಮ ಮನೆಗೆ ಬಂದರು. ಮಾದಪ್ಪನ ಬೆಟ್ಟಕ್ಕೆ ಹೋಗಿಬರೋಣ, ಹೊರಡಿ ಎಂದರು. ಅತ್ತಿಗೆ ಆ ಮಂಡಿನೋವಿನಲ್ಲೂ ಹೊರಟು ಬಂದಿದ್ದರು. ಹಳದಿ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ನನ್ನ ಕೈಗಿತ್ತು, "ಇದ್ನ ನೀನೇ ಇಡ್ಕಬೇಕು. ಜ್ವಾಪಾನ" ಎಂದರು.

ನನಗೆ ಎಲ್ಲವೂ ಅರ್ಥವಾಯಿತು. ನೋಂಪಿ ಉಳಿಸಿಕೊಟ್ಟದ್ದಕ್ಕೆ ಹರಕೆ ತೀರಿಸುತ್ತಿದ್ದಾರೆ! ಹಾಗೆಂದು ನಾಗಮಣಿಯ ಕಿವಿಯಲ್ಲಿ ಹೇಳಿದೆ. ಅವಳು ಕಿಟಕಿಯ ಆಚೆ ನೋಡತೊಡಗಿದಳು. ಹನೂರಿನಲ್ಲಿ ವ್ಯಾನು ನಿಂತಾಗ ಎಲ್ಲರಿಗೂ ನಾನೇ ಟೀ ಕುಡಿಸಿದೆ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಮುಂದಿನ ವರ್ಷದ ಕಜ್ಜಾಯಕ್ಕೆ ನಲವತ್ತು ನಿಮಿಷದ ಬದಲು ಮೂವತ್ತೆಂಟು ಸಾಕೇ ಎಂಬ ಬಗ್ಗೆ ವಿವರವಾಗಿ ಮಾತಾಡಿದೆ. ಮಹೇಶ ವ್ಯಾನಿನ ಹಾಡಿನ ಸದ್ದು ಜೋರು ಮಾಡಿದ. ಘಾಟಿಯ ತಿರುವುಗಳಿಗೆ ಹೆದರಿರಬೇಕು ಎಂದುಕೊಂಡೆ.

ದೇವಸ್ಥಾನದಲ್ಲಿ ಅವತ್ತು ಜನ ಕಡಿಮೆ. ಎಲ್ಲರೂ ಸಾಲಾಗಿ ನಿಂತರು. ನನ್ನನ್ನು ಗಂಟಿನ ಸಮೇತ ಮಧ್ಯದಲ್ಲಿ ನಿಲ್ಲಿಸಿದರು. ಅತ್ತಿಗೆ ಸೆರಗೊಡ್ಡಿ, ಗಟ್ಟಿಯಾಗಿ ಬೇಡಿಕೊಂಡರು:

"ಮಾದಪ್ಪಾ, ಕಟ್ಟಳೆ ಮುರೀತಾ ಇದ್ದೀವಿ, ತಪ್ಪು ಕಾಣ್ಕೆ ತಂದಿವ್ನಿ. ಒಪ್ಪುಸ್ಕಳಪ್ಪಾ. ಕಜ್ಜಾಯ ಮಾಡೋದ ನಮ್ಮ ಮೇಷ್ಟ್ರಪ್ಪನ ಕೈಯಿಂದ ಬುಡುಸಿ ನಾಗಮಣಿ ಕೈಗೆ…"

ಕೈಯಲ್ಲಿದ್ದ ಗಂಟು ಏನೆಂದು ನನಗೆ ಆಗ ಗೊತ್ತಾಯಿತು. ಎಡಕ್ಕೆ ನೋಡಿದೆ, ಅಣ್ಣ ಕೈ ಮುಗಿದಿದ್ದ. ಬಲಕ್ಕೆ ನೋಡಿದೆ, ಮಹೇಶನ ತುಟಿಗಳು ಅಲ್ಲಾಡುತ್ತಿದ್ದವು. ಎಲ್ಲರಿಗಿಂತ ಬಿಗಿಯಾಗಿ ಕಣ್ಣು ಮುಚ್ಚಿದ್ದವಳು ನನ್ನ ಹೆಂಡತಿ. ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾಯಿತೆಂದು ಲೆಕ್ಕ. ಅದಕ್ಕಾಗಿ ಗಂಟೆಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ನಮಗೆ ಅತ್ತಿಗೆಯ ಮಾತು ಮುಗಿಯುವ ಮೊದಲೇ ಬಲಗಡೆಯಿಂದ ಹೂ ಬಿತ್ತು. ಒಂದಲ್ಲ, ಎರಡು!

ಗಂಟನ್ನು ನಾನೇ ಹುಂಡಿಗೆ ಹಾಕಿದೆ. ನಿವೃತ್ತನಾದ ಮೇಲೆ ಕೆಲಸದಿಂದ ವಜಾ ಆದ ಮೇಷ್ಟ್ರು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು!